ಚೆಂಡಿಗಿಂತ ಮುಂದೆ ಓಡುವ ಕಣ್ಣು

ಬೆಳಗ್ಗೆಯಿಂದ ನಿಮ್ಮ ನಿಮ್ಮ ಮಾದರಿಗಳ ಪಕ್ಕದಲ್ಲೇ ನಿಂತು ಕಾಲು ನೋಯಿಸಿಕೊಂಡಿರುವ ಮಕ್ಕಳೇ,

ದೀಪ ಹಚ್ಚಿದ್ದಾಯಿತು. ಈ ಸಲದ ವಿಜ್ಞಾನ ಮೇಳಕ್ಕೆ ಆಟವನ್ನೇ ವಿಷಯವಾಗಿ ಇಟ್ಟಿದ್ದೀರಿ. ಹಾಗಾಗಿ ಕ್ರಿಕೆಟ್ ಕೋಚ್‌ಗಳೆಲ್ಲ ಹೇಳುವ ಒಂದು ಮಾತಿನ ಜತೆ ಸ್ವಲ್ಪ ಜಗಳ ತೆಗೆಯುತ್ತೇನೆ: "ಬಾಲ್ ಮೇಲಿಂದ ಕಣ್ಣು ತೆಗೀಬೇಡ!"

ಅದು ಆಗದ ಕೆಲಸ. ಗಂಟೆಗೆ 140 ಕಿ.ಮೀ. ವೇಗದ ಎಸೆತ ಬ್ಯಾಟ್ಸ್‌ಮನ್‌ನನ್ನು ತಲುಪಲು ಸುಮಾರು ಅರ್ಧ ಸೆಕೆಂಡು ಸಾಕು. ಕಣ್ಣು ಕಂಡದ್ದಕ್ಕೆ ತಕ್ಕಂತೆ ಕೈ ತಿರುಗಲು ಅದರಲ್ಲಿ 0.2 ಸೆಕೆಂಡಿನಷ್ಟು ಹೋಗುತ್ತದೆ. ಚೆಂಡು ದೂರದಲ್ಲಿದ್ದಾಗ ಅದರ ಬೆನ್ನು ಹತ್ತುವುದು ಸುಲಭ. ಹತ್ತಿರ ಬಂದಂತೆಲ್ಲ ಕಣ್ಣು ಎಷ್ಟು ಬೇಗ ಹೊರಳಬೇಕಾಗುತ್ತದೆ ಎಂದರೆ, ಕೊನೆಗೆ ಅದು ಸೋಲಲೇಬೇಕು.

ಇಂಗ್ಲೆಂಡಿನ ವಿಜ್ಞಾನಿಗಳಾದ ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ ಮೂವರು ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ ಬೌಲಿಂಗ್ ಯಂತ್ರದ ಮುಂದೆ ನಿಲ್ಲಿಸಿದರು. 2000ದಲ್ಲಿ ಪ್ರಕಟವಾದ ಫಲಿತಾಂಶ ಚೆನ್ನಾಗಿದೆ. ಚೆಂಡು ಯಂತ್ರದಿಂದ ಹೊರಡುವುದನ್ನು ನೋಡಿದ ಕಣ್ಣು ಆಮೇಲೆ ಚೆಂಡನ್ನು ಬಿಟ್ಟು, ಅದು ಪಿಚ್ ಆಗುವ ಜಾಗಕ್ಕೆ ಮೊದಲೇ ಜಿಗಿದು ಕಾಯುತ್ತದೆ. ಪಿಚ್ ಆದ ಮೇಲೆ ಮತ್ತೆ ಸ್ವಲ್ಪ ಹೊತ್ತು ಹಿಂಬಾಲಿಸುತ್ತದೆ. ಮೂವರೂ ಹೀಗೆಯೇ ಮಾಡಿದರು. ಪಳಗಿದವನ ಕಣ್ಣು ಬೇಗ ಜಿಗಿಯಿತು, ಅಷ್ಟೇ. ಬಸ್ ಹಿಂದೆ ಓಡುವ ಬದಲು ಅಡ್ಡದಾರಿ ಹಿಡಿದು ಮುಂದಿನ ಸ್ಟಾಪಿನಲ್ಲಿ ನಿಲ್ಲುವವರ ಹಾಗೆ.

ಕೋಚ್‌ಗಳನ್ನು ಪೂರ್ತಿ ಸೋಲಿಸುವುದೂ ನ್ಯಾಯವಲ್ಲ. ಅತ್ಯುತ್ತಮ ಆಟಗಾರರ ತಲೆ ಚೆಂಡಿನ ಜತೆಗೇ ತಿರುಗುತ್ತದೆ ಎಂದು 2013ರ ಇನ್ನೊಂದು ಅಧ್ಯಯನ ತೋರಿಸಿತು. ಅಂದರೆ ತಲೆ ಚೆಂಡಿನ ಮೇಲೆ, ಕಣ್ಣು ಚೆಂಡು ಬರಲಿರುವ ಕಡೆ.

ಹಾಗಾದರೆ ತೀಕ್ಷ್ಣ ದೃಷ್ಟಿ ಬೇಡವೇ? ಬೇಕು. ಆದರೆ ಮನ್ಸೂರ್ ಅಲಿ ಖಾನ್ ಪಟೌಡಿಯವರನ್ನು ನೆನೆಯಿರಿ. 1961ರ ಕಾರು ಅಪಘಾತದಲ್ಲಿ ಅವರ ಬಲಗಣ್ಣು ಹಾಳಾಯಿತು. ಅವರು ಟೆಸ್ಟ್ ಆಡಿದ್ದೆಲ್ಲ ಅದಾದ ಮೇಲೆಯೇ: 46 ಪಂದ್ಯ, ಆರು ಶತಕ, ಅದರಲ್ಲೊಂದು ದ್ವಿಶತಕ. ಚೆಂಡಿನ ದೂರ ಅಳೆಯಲು ಎರಡು ಕಣ್ಣೂ ಬೇಕೆಂದು ಪಾಠ ಹೇಳುವ ನನ್ನಂಥವರಿಗೆ ಅವರೊಂದು ತಲೆನೋವು.

ಆ ಮೂಲೆಯ ಮೇಜಿನಲ್ಲಿ ಒಂದು ಕಣ್ಣು ಮುಚ್ಚಿಕೊಂಡು ಕ್ಯಾಚ್ ಹಿಡಿಯುವ ಪ್ರಯೋಗ ಇಟ್ಟಿದ್ದಾರಂತೆ. ಮೇಳ ಉದ್ಘಾಟನೆಯಾಯಿತೆಂದು ಘೋಷಿಸಿ ನಾನು ಮೊದಲು ಅಲ್ಲಿಗೇ ಹೋಗುತ್ತೇನೆ. ದಯವಿಟ್ಟು ಟೆನಿಸ್ ಬಾಲನ್ನೇ ಎಸೆಯಿರಿ.