ಸಿಹಿಮೂತ್ರ ರೋಗದೊಡನೆ ಬಾಳುವುದು
(ವಾಚನಾಲಯದಲ್ಲಿ ಮಾಡಿದ ಭಾಷಣ)



ಸಿಹಿಮೂತ್ರ ರೋಗವನ್ನು, ನಮ್ಮ ಕಡೆಯವರು ಸಕ್ಕರೆ ಬೇನೆ ಎನ್ನುವುದನ್ನು, ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾನು ವೈದ್ಯನಲ್ಲ, ಗಿರಣಿಯ ಗುಮಾಸ್ತ. ಆದರೆ ಈ ರೋಗ ನನಗೆ ಬಂದು ಆರು ವರ್ಷವಾಯಿತು.

“ಇದು ಹೊಟ್ಟೆ ಬಂದ ಸಾಹುಕಾರರ ರೋಗ, ಮೈಮುರಿದು ದುಡಿಯುವ ನಮಗೇಕೆ ಬಂದೀತು?” ಎಂಬ ಮಾತನ್ನು ಇದೇ ಬೆಂಚಿನ ಮೇಲೆ ಕೇಳಿದ್ದೇನೆ. ಇದಕ್ಕೆ ಉತ್ತರ ನಮ್ಮ ಪುಣೆಯಲ್ಲಿಯೇ ಉಂಟು. ಇಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾಕ್ಟರ್ ಚಿತ್ತರಂಜನ ಯಾಜ್ಞಿಕರು ಲಂಡನ್ನಿನ ಡಾಕ್ಟರ್ ಜಾನ್ ಯುಡ್ಕಿನ್ನರ ಜೊತೆ ತೆಗೆಸಿಕೊಂಡ ಒಂದು ಫೋಟೋ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಎತ್ತರಕ್ಕೆ ತೂಕವನ್ನು ಹೋಲಿಸುವ ಲೆಕ್ಕದಲ್ಲಿ ಇಬ್ಬರೂ ಸರಿಸಮ, 22.3. ಮೈಯೊಳಗಿನ ಕೊಬ್ಬನ್ನು ಅಳೆದರೆ ಅವರದು ನೂರಕ್ಕೆ 9.1, ನಮ್ಮವರದು 21.2! 1993ರಿಂದ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಬಸುರಿಯರನ್ನೂ ಕೂಸುಗಳನ್ನೂ ಪರೀಕ್ಷಿಸುತ್ತ ಬಂದ ಇವರ ತಂಡಕ್ಕೆ, ಹುಟ್ಟಿದ ಸಣಕಲು ಕೂಸಿನಲ್ಲಿಯೇ ಈ ಗುಣ ಕಾಣಿಸಿತು. ಆದ್ದರಿಂದ ನಾನು ತೆಳ್ಳಗಿದ್ದೇನೆಂದು ಯಾರೂ ನಿಶ್ಚಿಂತರಾಗಿರಬೇಡಿ. ವಯಸ್ಸು 30 ದಾಟಿದವರು ಸರಕಾರಿ ದವಾಖಾನೆಯಲ್ಲಿ ಒಮ್ಮೆ ರಕ್ತ ತೋರಿಸಿರಿ.

ಈ ರೋಗದ ಕಪಟವೆಂದರೆ ನೋವಿಲ್ಲದಿರುವುದು. ಮಾತ್ರೆ ಹಿಡಿದ ಕೆಲವು ವಾರಗಳಲ್ಲಿ ಬಾಯಾರಿಕೆ ಇಳಿಯುತ್ತದೆ, ರಾತ್ರಿ ಮೇಲಿಂದ ಮೇಲೆ ಏಳುವುದು ತಪ್ಪುತ್ತದೆ. ಗುಣವಾಯಿತೆಂದು ಮಾತ್ರೆಯೂ ನಿಲ್ಲುತ್ತದೆ. ಕಲಬುರ್ಗಿ ಕಡೆಯ ಮಿತ್ರರೊಬ್ಬರು ಇಲ್ಲಿ ಹಮಾಲಿ ಮಾಡುತ್ತಿದ್ದರು. ಜಾತ್ರೆಗೆಂದು ಊರಿಗೆ ಹೋದಾಗಲೆಲ್ಲ ಮಾತ್ರೆ ಖೋಲಿಯಲ್ಲಿಯೇ ಉಳಿಯುತ್ತಿತ್ತು. ಹೀಗೆಯೇ ಎಂಟು ವರ್ಷ ಬಿಡುವುದು, ಹಿಡಿಯುವುದು ನಡೆಯಿತು. ಕೊನೆಗೆ ಹೊಸ ಚಪ್ಪಲಿ ಕಚ್ಚಿ ಗಾಯವಾಯಿತು. ನರ ಸತ್ತಿದ್ದುದರಿಂದ ಗೊತ್ತಾಗಲಿಲ್ಲ. ಎರಡು ಬೆರಳು ತೆಗೆದರು. ಈಗ ಚೀಲ ಹೊರಲಾರರು. ಮಗ ಶಾಲೆ ಬಿಟ್ಟು ಅದೇ ಗೋದಾಮಿಗೆ ಹೋಗುತ್ತಿದ್ದಾನೆ.

ಅಂಗಾಲು ನೋಡಿಕೊಳ್ಳುವುದಕ್ಕೆ ದುಡ್ಡು ಬೇಡ. ರಾತ್ರಿ ಮಲಗುವಾಗ ದೀಪದಡಿ ಬೆರಳಿನ ಸಂದು ನೋಡಿರಿ, ಬರಿಗಾಲಲ್ಲಿ ತಿರುಗಬೇಡಿರಿ.

ಊಟದ ವಿಷಯಕ್ಕೆ ನಮ್ಮಲ್ಲೊಂದು ಭ್ರಮೆ. ಅನ್ನ ಬಿಟ್ಟು ಜೋಳದ ರೊಟ್ಟಿ ಹಿಡಿದರೆ ಸಾಕು, ಎಷ್ಟು ತಿಂದರೂ ನಡೆಯುತ್ತದೆ ಎಂದು. ರೊಟ್ಟಿಯೂ ಹೊಟ್ಟೆಯೊಳಗೆ ಸಕ್ಕರೆಯೇ ಆಗುತ್ತದೆ, ತುಸು ನಿಧಾನವಾಗಿ. ಎರಡು ರೊಟ್ಟಿ, ಜೊತೆಗೆ ಬೇಳೆ ಕಾಳು, ತಟ್ಟೆಯ ಅರ್ಧ ಪಲ್ಯ. ಚಹದಂಗಡಿಯಲ್ಲಿ “ಬಿನಸಾಖರೇಚಾ ಚಹಾ” ಎಂದು ಕೇಳಲು ನಾಚಿಕೆ ಬೇಡ. ಮೊದಲ ವಾರ ಗೆಳೆಯರು ನಗುತ್ತಾರೆ, ಅಷ್ಟೇ.

ರಾತ್ರಿ ಪಾಳಿಯವರು ಇದನ್ನು ಗಮನಿಸಬೇಕು. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಕಣ್ಣು ಮಂಜು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿದು, ಆಮೇಲೆ ಊಟ ಮಾಡಬೇಕು. ಪಾಳಿ ಬದಲಾದರೆ ಮಾತ್ರೆಯ ಹೊತ್ತನ್ನು ಡಾಕ್ಟರರಿಂದಲೇ ಕೇಳಿ ತಿಳಿಯಿರಿ.

ಪರೀಕ್ಷೆಯ ಹಿಂದಿನ ದಿನ ಉಪವಾಸವಿದ್ದು ಡಾಕ್ಟರರನ್ನು ಮೆಚ್ಚಿಸುವವರಿದ್ದಾರೆ. ಎಚ್‌ಬಿ ಎ ಒನ್ ಸಿ ಎಂಬ ಪರೀಕ್ಷೆಯ ಮುಂದೆ ಆ ಜಾಣತನ ನಡೆಯದು. ಅದು ಹಿಂದಿನ ಸುಮಾರು ಮೂರು ತಿಂಗಳ ಜಮಾಖರ್ಚನ್ನೆಲ್ಲ ತೆಗೆದಿಡುತ್ತದೆ.

ಯುಗಾದಿಗೆ ಊರಿಗೆ ಹೊರಡುವವರು ದಿನ ಎಣಿಸಿ, ಮೇಲೆ ಒಂದು ವಾರದ್ದು ಸೇರಿಸಿ ಮಾತ್ರೆ ಕಟ್ಟಿಕೊಳ್ಳಿರಿ. ಊರ ಮನೆಯಲ್ಲಿ ಫ್ರಿಜ್ಜಿಲ್ಲದಿದ್ದರೆ ಇನ್ಸುಲಿನ್ ಸೀಸೆಯನ್ನು ನೀರು ತಾಗದಂತೆ ಡಬ್ಬಿಯಲ್ಲಿ ಹಾಕಿ, ಒದ್ದೆ ಮಣ್ಣಿನ ಗಡಿಗೆಯಲ್ಲಿ ನೆರಳಿಗಿಡಬಹುದು. ಡಾಕ್ಟರರ ಮರಾಠಿ ತಿಳಿಯದವರು ಭಾನುವಾರ ಬೆಳಿಗ್ಗೆ ಚೀಟಿಯೊಡನೆ ಇಲ್ಲಿಗೆ ಬನ್ನಿರಿ. ಓದಿ ಹೇಳುತ್ತೇನೆ; ಬೇಕಾದರೆ ದವಾಖಾನೆಗೂ ಜೊತೆಗೆ ಬರುತ್ತೇನೆ.