ರಾಷ್ಟ್ರಪತಿಯ ಚುನಾವಣೆಯೂ ನಮ್ಮ ತಾಲ್ಲೂಕುಗಳೂ

ಮಾವಿನ ಸುಗ್ಗಿಯಲ್ಲಿ ಒಮ್ಮೆ ಶ್ರೀನಿವಾಸಪುರದ ಮಂಡಿಗೆ ಹೋಗಿದ್ದೆವು. ನಾವು ಕಾಲೇಜಿನಲ್ಲಿ ಪಾಠ ಹೇಳುವವರೆಂದು ತಿಳಿದ ಹಿರಿಯ ವರ್ತಕರೊಬ್ಬರು ಹಣ್ಣಿನ ಬೆಲೆಯ ಮಾತನ್ನು ಅಲ್ಲಿಗೇ ಬಿಟ್ಟು, “ಮೇಷ್ಟ್ರೇ, ನಾವು ಓಟು ಒತ್ತುವ ಯಂತ್ರದಲ್ಲಿ ರಾಷ್ಟ್ರಪತಿಗಳ ಹೆಸರೇ ಇರುವುದಿಲ್ಲವಲ್ಲ, ಅವರನ್ನು ಕೂರಿಸುವವರು ಯಾರು?” ಎಂದು ಕೇಳಿದರು. ಇಷ್ಟು ನೇರವಾದ ಪ್ರಶ್ನೆಯನ್ನು ತರಗತಿಯಲ್ಲಿ ನಾವು ಕೇಳಿದುದು ಅಪರೂಪ. ಅಂದು ಅವಸರದಲ್ಲಿ ಕೊಟ್ಟ ಉತ್ತರ ನಮಗೇ ಒಪ್ಪಿಗೆಯಾಗಲಿಲ್ಲ. ಆದುದರಿಂದ ಶ್ರೋತೃಗಳ ಮುಂದೆ ಅದನ್ನು ಮತ್ತೊಮ್ಮೆ ಹೇಳಲು ಯತ್ನಿಸುತ್ತೇವೆ.

ಪ್ರಜೆಗಳೇ ರಾಷ್ಟ್ರಪತಿಯನ್ನು ನೇರವಾಗಿ ಆರಿಸಲೆಂದು ಸಂವಿಧಾನ ಸಭೆಯಲ್ಲಿ ಕೆ. ಟಿ. ಷಾ ಅವರು ವಾದಿಸಿದರು. ನಿಜವಾದ ಅಧಿಕಾರವು ಮಂತ್ರಿಮಂಡಲದಲ್ಲಿಯೂ ಶಾಸನಸಭೆಯಲ್ಲಿಯೂ ಇರುವಾಗ, ದೇಶವನ್ನೆಲ್ಲ ಓಟಿಗೆ ಎಬ್ಬಿಸಿ ಆರಿಸಿದವರಿಗೆ ಮಾಡಲು ಕೆಲಸವೇ ಇಲ್ಲದಂತಾಗುವುದು ಉಚಿತವಲ್ಲವೆಂಬುದು ನೆಹರೂ ಅವರ ಪಕ್ಷ. ಕೊನೆಗೆ ಸಂಸತ್ತಿನ ಎರಡು ಸದನಗಳ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರಿಗೆ ಆ ಹಕ್ಕು ಬಂದಿತು. ಶಾಸಕರ ಮತಕ್ಕೆ ಒಂದು ತೂಕವುಂಟು, ಆ ತೂಕ ಹುಟ್ಟುವುದು ಜನಸಂಖ್ಯೆಯಿಂದ. ೧೯೭೧ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿದ್ದ ೨,೯೨,೯೯,೦೧೪ ಜನರನ್ನು ೨೨೪ ಸ್ಥಾನಗಳಿಗೆ ಹಂಚಿ, ಬಂದುದನ್ನು ಸಾವಿರದಿಂದ ಭಾಗಿಸಿದರೆ ೧೩೧ ದೊರೆಯುತ್ತದೆ. ೨೦೨೨ರ ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಶಾಸಕರೊಬ್ಬರ ಮತದ ಬೆಲೆ ಇದೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ಸೇರಿ ೫೨೪.

ಗೆಲ್ಲಬೇಕಾದವರಿಗೆ ಸಿಂಧುವಾದ ಮತಗಳ ಒಟ್ಟು ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಶಾಸನಸಭೆಗಳಲ್ಲಿ ಬೆಂಬಲವಿಲ್ಲದವರ ಪಾಡು ಏನಾಗುವುದೆಂಬುದನ್ನು ೧೯೬೭ರಲ್ಲಿ ಕಂಡೆವು. ಅಂದು ಸ್ಪರ್ಧಿಸಿದವರು ೧೭ ಮಂದಿ, ಅವರಲ್ಲಿ ಒಂಬತ್ತು ಮಂದಿಗೆ ಒಂದು ಮತವೂ ಬೀಳಲಿಲ್ಲ!

ಆದರೆ ಬೆಂಬಲವು ಪಕ್ಷದ ಪಟ್ಟಿಯಲ್ಲಿದ್ದರೆ ಸಾಕೆ? ಸಾಲದೆಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. ೧೯೬೯ರ ಮೇ ತಿಂಗಳಲ್ಲಿ ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಜುಲೈನಲ್ಲಿ ಕಾಂಗ್ರೆಸ್ಸಿನ ಹಿರಿಯರು ಬೆಂಗಳೂರಿನಲ್ಲಿ ಸೇರಿ, ಪ್ರಧಾನಿ ಇಂದಿರಾ ಗಾಂಧಿಯವರ ಮನಸ್ಸಿಗೆ ವಿರುದ್ಧವಾಗಿ, ನಮ್ಮ ನೆರೆಯ ಅನಂತಪುರದ ಕಡೆಯವರಾದ ನೀಲಂ ಸಂಜೀವ ರೆಡ್ಡಿಯವರನ್ನು ನಿಲ್ಲಿಸಿದರು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದ ವಿ. ವಿ. ಗಿರಿಯವರು ಪಕ್ಷೇತರರಾಗಿ ಎದುರು ನಿಂತರು. ಆತ್ಮಸಾಕ್ಷಿಯಂತೆ ಮತ ಕೊಡಿರೆಂದು ಪ್ರಧಾನಿಯವರು ಸದಸ್ಯರನ್ನು ಕೇಳಿಕೊಂಡರು. ಗೋಪ್ಯ ಮತದಾನವಾದುದರಿಂದ ಯಾರನ್ನೂ ಕಟ್ಟಿಹಾಕುವಂತಿರಲಿಲ್ಲ. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ ೪,೦೧,೫೧೫, ರೆಡ್ಡಿಯವರಿಗೆ ೩,೧೩,೫೪೮, ಸಿ. ಡಿ. ದೇಶಮುಖರಿಗೆ ೧,೧೨,೭೬೯. ಬೇಕಾದುದು ೪,೧೮,೧೬೯. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಹಂಚಿದ ಮೇಲೆ ಗಿರಿಯವರು ೪,೨೦,೦೭೭ಕ್ಕೆ ಏರಿ ಗೆದ್ದರು, ರೆಡ್ಡಿಯವರು ೪,೦೫,೪೨೭ಕ್ಕೆ ನಿಂತರು. ರೆಡ್ಡಿಯವರು ಅಯೋಗ್ಯರೆಂದು ಯಾರೂ ಹೇಳಲಾರರು. ಅವರೇ ೧೯೭೭ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಗಳಾದರು. ಹಿರಿಯರು ಪಕ್ಷದ ದಾಖಲೆಯ ಹೆಸರುಗಳನ್ನೇ ಮತಗಳೆಂದು ಎಣಿಸಿದರು, ಒಬ್ಬೊಬ್ಬರ ಮನಸ್ಸನ್ನು ಗೆಲ್ಲುವ ಕೆಲಸ ಉಳಿದುಹೋಯಿತು ಎಂಬುದೇ ನಮ್ಮ ಅಭಿಪ್ರಾಯ.

ಅಮೆರಿಕದ ವಿಲ್ಸನ್ನರ ಕಷ್ಟ ಇದಕ್ಕೆ ತಿರುಗುಮುರುಗು. ಜನರ ಚುನಾವಣೆಯಲ್ಲಿ ಎರಡು ಬಾರಿ ಗೆದ್ದ ಅವರ ಪಕ್ಷ ೧೯೧೮ರಲ್ಲಿ ಶಾಸನಸಭೆಯ ಬಹುಮತವನ್ನು ಕಳೆದುಕೊಂಡಿತು. ಅವರು ತಂದ ವರ್ಸೇಲ್ಸ್ ಒಪ್ಪಂದವನ್ನು ಸೆನೆಟ್ ಸಭೆ ಅಂಗೀಕರಿಸಲೇ ಇಲ್ಲ.

ಇನ್ನು ನಮ್ಮ ಊರುಗಳಿಗೆ ಬರೋಣ. ೨೦೧೮ರಲ್ಲಿ ಮುಳಬಾಗಿಲಿನವರು ಪಕ್ಷೇತರರಾದ ಎಚ್. ನಾಗೇಶರನ್ನು ಆರಿಸಿದರು. ಅವರು ಒಂದೇ ವರ್ಷದಲ್ಲಿ ಎರಡು ಬೇರೆ ಬೇರೆ ಮಂತ್ರಿಮಂಡಲಗಳಲ್ಲಿ ಮಂತ್ರಿಗಳಾದರು. ಯಾವ ಪಕ್ಷದ ಪಟ್ಟಿಯೂ ಅಂಥವರ ೧೩೧ನ್ನು ತನ್ನದೆಂದು ಬರೆದುಕೊಳ್ಳಲಾಗದು, ಕೇಳಿಯೇ ಪಡೆಯಬೇಕು. ೨೦೨೩ರಲ್ಲಿ ಮಾಲೂರಿನಲ್ಲಿ ಪ್ರಕಟವಾದ ಗೆಲವಿನ ಅಂತರ ಕೇವಲ ೨೪೮ ಮತ. ಆ ಫಲಿತಾಂಶ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ೧೨೫ ಜನ ಪಕ್ಕದ ಗುಂಡಿಯನ್ನು ಒತ್ತಿದ್ದರೆ ಮಾಲೂರಿನ ೧೩೧ ಬೇರೊಂದು ಪಕ್ಷದ ಕೈಗೆ ಹೋಗುತ್ತಿತ್ತು. ರಾಷ್ಟ್ರಪತಿಯ ಪದವಿಯನ್ನು ಬಯಸುವವರು ನಮ್ಮ ಬೀದಿಗೆ ಬಂದು ಕೈಮುಗಿಯುವುದಿಲ್ಲ ನಿಜ. ಆದರೆ ಅವರ ಬಹುಮತವನ್ನು ಕೂಡಿಸುವವರು ಹಾಗೆ ಬಂದು ಕೈಮುಗಿದವರೇ. ನಮಗೆ ಇದರಲ್ಲಿ ಒಂದು ಕೊರತೆಯೂ ಕಾಣುತ್ತದೆ. ನಮ್ಮ ಹೆಸರಿನ ತೂಕವನ್ನು ಹೊತ್ತು ಹೋದ ಶಾಸಕರು ಅದನ್ನು ಯಾರ ತಕ್ಕಡಿಯಲ್ಲಿ ಇಟ್ಟರೆಂಬುದು ನಮಗೆ ತಿಳಿಯುವಂತಿಲ್ಲ. ಓಟು ಕೇಳಲು ಬಂದಾಗಲೇ ಆ ಪ್ರಶ್ನೆಯನ್ನು ಹಾಕಬಹುದು, ಹಾಕುವವರನ್ನು ಮಾತ್ರ ನಾವು ಇದುವರೆಗೆ ಕಂಡಿಲ್ಲ.

ಮುಂದಿನ ಸುಗ್ಗಿಯಲ್ಲಿ ಮತ್ತೆ ಆ ಮಂಡಿಗೆ ಹೋದಾಗ ೧೩೧ರ ಲೆಕ್ಕವನ್ನು ವರ್ತಕರಿಗೆ ಹೇಳಿದೆವು. ಅವರು ಅದನ್ನು ರಶೀದಿಯ ಹಿಂಬದಿಯಲ್ಲಿ ಬರೆದುಕೊಂಡು, “ಮುಳಬಾಗಿಲಿಗೂ ಇಷ್ಟೇ ತಾನೆ, ಮೇಷ್ಟ್ರೇ?” ಎಂದರು. ಇಷ್ಟೇ ಎಂದೆವು. ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.