ದೇವನಹಳ್ಳಿಯ ಸಕ್ಕಿಂಗ್ ಗಾಡಿ

ದೇವನಹಳ್ಳಿ ಎಂದರೆ ಕೋಟೆ, ಟಿಪ್ಪು ಹುಟ್ಟಿದ ಊರು, ಚಕ್ಕೋತ ಹಣ್ಣು. 2008ರಿಂದೀಚೆಗೆ ವಿಮಾನ ನಿಲ್ದಾಣ. ಈ ಊರಿಗೆ ಇನ್ನೊಂದು ಹೆಗ್ಗಳಿಕೆಯಿದೆ, ಅದನ್ನು ಹೇಳಿಕೊಳ್ಳುವವರು ಕಡಿಮೆ. ಶೌಚಗುಂಡಿಯ ಹೂಳನ್ನು ಸಂಸ್ಕರಿಸಲೆಂದೇ ಪಟ್ಟಣವೊಂದಕ್ಕೆ ಕಟ್ಟಿದ ದೇಶದ ಮೊದಲ ಘಟಕವೆಂದು ಹೆಸರಾದದ್ದು 2015ರಲ್ಲಿ ಇಲ್ಲಿ ಶುರುವಾಯಿತು.

ಕೇಳುಗರೇ, ಇದರ ಹಿಂದೆ ಒಂದು ನೋವಿನ ಚರಿತ್ರೆಯಿದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಕರ್ನಾಟಕದಲ್ಲಿ ನಿಷೇಧಿಸಿದವರು ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ. ಬುಟ್ಟಿ ಕೆಳಗಿಳಿಯಿತು, ಗುಂಡಿ ಬಂತು. ಗುಂಡಿ ತುಂಬಿದಾಗ ಒಳಗಿಳಿದವರು ಮಾತ್ರ ಬುಟ್ಟಿ ಹೊತ್ತಿದ್ದ ಅದೇ ಕೇರಿಯ ಜನ. ವಿಷಾನಿಲಕ್ಕೆ ಎಷ್ಟೋ ಜೀವಗಳು ಹೋದವು. ಮಲ ಹೊರಿಸುವುದನ್ನೂ ಗುಂಡಿಗೆ ಅಪಾಯಕಾರಿಯಾಗಿ ಇಳಿಸುವುದನ್ನೂ ಅಪರಾಧವಾಗಿಸಿದ ಕೇಂದ್ರದ ಕಾಯ್ದೆ ಬಂದದ್ದು 2013ರಲ್ಲಿ. ಅಷ್ಟೊತ್ತಿಗೆ ಗುಂಡಿಯ ಹೂಳನ್ನು ಪೈಪಿನಿಂದ ಹೀರುವ ಸಕ್ಕಿಂಗ್ ಗಾಡಿಗಳು ಬೀದಿಗಿಳಿದಿದ್ದವು.

ಗಾಡಿ ಹೀರಿಕೊಂಡಿತು ಸರಿ. ಸುರಿಯುವುದೆಲ್ಲಿ?

ಬೆಂಗಳೂರಿನ ಸುತ್ತಮುತ್ತ ಅದು ಹೊಲಕ್ಕೆ ಹೋಗುತ್ತಿತ್ತು, ಇಲ್ಲವೇ ಕತ್ತಲಲ್ಲಿ ಕಾಲುವೆಗೆ, ಕೆರೆಯಂಗಳಕ್ಕೆ. ರೈತರಿಗೆ ಅದು ಬೇಕಾಗಿಯೂ ಇತ್ತು. ನೀರು, ಸಾರಜನಕ, ರಂಜಕ ಒಟ್ಟಿಗೆ ಸಿಗುವಾಗ ಯಾರು ಬೇಡ ಎನ್ನುತ್ತಾರೆ? ತೊಂದರೆಯಿದ್ದದ್ದು ಹಸಿ ಹೂಳಿನೊಳಗೆ ಜೀವಂತವಾಗಿ ಉಳಿಯುವ ಜಂತುಹುಳುವಿನ ಮೊಟ್ಟೆಗಳದು. ಬರಿಗಾಲಲ್ಲಿ ಮಣ್ಣು ತುಳಿಯುವವರಿಗೆ ಮೊದಲ ಪೆಟ್ಟು.

2011ರ ಜನಗಣತಿಯ ಪ್ರಕಾರ ಸುಮಾರು 28 ಸಾವಿರ ಜನರಿದ್ದ ದೇವನಹಳ್ಳಿಗೆ ಒಳಚರಂಡಿ ಇರಲಿಲ್ಲ. ಅದಕ್ಕಾಗಿ ಕಾಯುತ್ತ ಕೂರದೆ ಪುರಸಭೆಯೂ ಬೆಂಗಳೂರಿನ ಸಿಡಿಡಿ ಸೊಸೈಟಿ ಎಂಬ ಸಂಸ್ಥೆಯೂ ಸೇರಿ ದಿನಕ್ಕೆ 6,000 ಲೀಟರ್ ಹೂಳು ಹಿಡಿಯುವ ಘಟಕ ಕಟ್ಟಿದವು. ಒಂದೆರಡು ಗಾಡಿ ಲೋಡಿನ ಲೆಕ್ಕ. ಚಿಕ್ಕದೇ, ಆದರೆ ಪುರಸಭೆಯೊಂದು ಸಂಭಾಳಿಸಬಲ್ಲಷ್ಟು ಚಿಕ್ಕದು. ಅದೇ ಇದರ ಗುಣ ಎನ್ನಬೇಕು.

ಗಾಡಿಯ ಪೈಪು ತೊಟ್ಟಿಗೆ ಬಾಯಿಟ್ಟಾಗ ಪ್ಲಾಸ್ಟಿಕ್, ಬಟ್ಟೆ ಚೂರುಗಳನ್ನು ಮೊದಲು ಜಾಲರಿ ತಡೆಯುತ್ತದೆ. ಹೂಳು ಗಾಳಿಯಾಡದ ಡೈಜೆಸ್ಟರಿನಲ್ಲಿ ಕೊಳೆತು, ಮರಳು-ಜಲ್ಲಿಯ ಹಾಸಿನ ಮೇಲೆ ಹರಡಿಕೊಳ್ಳುತ್ತದೆ. ನೀರು ಕೆಳಗೆ ಬಸಿಯುತ್ತದೆ. ಮೇಲೆ ಉಳಿದದ್ದು ಬಿಸಿಲಿಗೆ ಒಣಗಿ, ಕಪ್ಪು ಹೆಂಟೆಗಳಾಗಿ ಬಿರಿಯುತ್ತದೆ. ಬಸಿದ ನೀರು ಸಾಲು ಸಾಲು ಕೋಣೆಗಳನ್ನೂ ಗಿಡ ನೆಟ್ಟ ಜಲ್ಲಿ ಹಾಸನ್ನೂ ಹಾದು ತಿಳಿಯಾಗುತ್ತದೆ. ಇಳಿಜಾರೇ ಇಲ್ಲಿ ಮುಖ್ಯ ಚಾಲಕಶಕ್ತಿ. ಒಣಗಿದ ಹೂಳನ್ನು ಊರಿನ ಹಸಿಕಸದೊಂದಿಗೆ ರಾಶಿ ಹಾಕಿ ಗೊಬ್ಬರ ಮಾಡುವ ಕೆಲಸ ಆಮೇಲೆ ಸೇರಿಕೊಂಡಿತು. ರಾಶಿಯೊಳಗಿನ ಕಾವು 55 ಡಿಗ್ರಿ ದಾಟಿ ಕೆಲ ದಿನ ನಿಂತರೆ ಆ ಜಂತುಹುಳುವಿನ ಮೊಟ್ಟೆಗಳು ಉಳಿಯುವುದಿಲ್ಲ. ಹೊಲಕ್ಕೆ ಮತ್ತೆ ಹೋಗುವುದು ಹೀಗೆ ಬೆಂದ ಗೊಬ್ಬರ.

2017ರಲ್ಲಿ ಕೇಂದ್ರ ಸರ್ಕಾರ ಇಂಥ ಹೂಳಿನ ನಿರ್ವಹಣೆಗೆ ರಾಷ್ಟ್ರೀಯ ನೀತಿ ತಂದಿತು. ಅದೇ ವರ್ಷ ದೂರದ ಲೇಹ್‌ನಲ್ಲೂ ಇಂಥ ಘಟಕ ಎದ್ದಿತು.

ಈಚೆಗೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ದೇವನಹಳ್ಳಿಯ ಸಿಹಿನೀರು ಕೆರೆಗೆ ಬಂತು. ಪಕ್ಕದ ಹಳೆಯ ಬಾವಿಗೂ ಜೀವ ಬಂತು, ಅದರ ನೀರನ್ನು ಶುದ್ಧೀಕರಿಸಿ ಊರಿಗೆ ಕೊಡುವ ಏರ್ಪಾಡೂ ಆಯಿತು. ಹೀಗಿರುವಾಗ ಒಂದು ಗಾಡಿ ಘಟಕದ ದಾರಿ ಬಿಟ್ಟು ಕೆರೆಯ ಕಾಲುವೆಗೆ ತಿರುಗಿದರೂ ಊರವರ ಬಿಂದಿಗೆಗೇ ಕುತ್ತು. ಗುಂಡಿ ಬಳಿಸುವ ಪ್ರತಿ ಮನೆಯವರೂ ಚಾಲಕನನ್ನು ಒಂದು ಮಾತು ಕೇಳಲಿ: ಲೋಡು ಎಲ್ಲಿಗೆ?